ನಿಲ್ಲಿಸಿದ ನೀರು

ಗುಂಡನೆಯ ಗಾಜಿನ ಬಟ್ಟಲೊಂದನ್ನು ಎದೆಗವಚಿಕೊಂಡು ನಿಂತಿದ್ದ ಶಾಲೆಯ ಟೀಚರಮ್ಮನಿಗೆ ಸಹರಿಯಾ ಮೂರನೆಯ ಸಲ ಆಗುವುದಿಲ್ಲ ಎಂದಳು.

“ಒಂದೇ ಒಂದು ಮೀನು ಕಣ್ರೀ. ಬೆರಳುದ್ದ ಇರತ್ತಲ್ಲ, ಕಿತ್ತಳೆ ಬಣ್ಣದ್ದು, ಮೇಲೆ ಬಿಳಿ ಪಟ್ಟೆ. ಅದು ಎಷ್ಟು ಜಾಗ ಕೇಳತ್ತೆ?”

“ಜಾಗ ಮೀನು ಕೇಳಲ್ಲ, ನೀರು ಕೇಳತ್ತೆ. ಇಷ್ಟು ಚೂರು ಉಪ್ಪುನೀರು ಬೆಳಿಗ್ಗೆ ಒಂಥರ, ಮಧ್ಯಾಹ್ನ ಇನ್ನೊಂಥರ. ಒಂದು ಲೋಟ ಆವಿ ಆದ್ರೆ ಉಪ್ಪು ಏರತ್ತೆ. ಒಂದು ತುತ್ತು ಕೊಳೆತ್ರೆ ವಿಷ ಆಗತ್ತೆ. ದೊಡ್ಡ ತೊಟ್ಟಿ ನಾವು ಮಾಡೋ ತಪ್ಪನ್ನ ಹೊಟ್ಟೆಗೆ ಹಾಕ್ಕೊಳ್ಳತ್ತೆ ಟೀಚರಮ್ಮ. ಚಿಕ್ಕದು ಹಾಕ್ಕೊಳ್ಳಲ್ಲ.”

“ಹಾಗಾದ್ರೆ ಈ ಬಟ್ಟಲನ್ನ ಏನು ಮಾಡ್ಲಿ?”

“ಸಾರು ಹಾಕ್ಕೊಳ್ಳಿ.”

ಟೀಚರಮ್ಮ ನಗಬೇಕೋ ಮುನಿಯಬೇಕೋ ತಿಳಿಯದೆ ಹೊರಟುಹೋದಳು. ಸುಲಾವೆಸಿ ದ್ವೀಪದ ಮಕಾಸ್ಸರ್ ಬಂದರಿನ ಹಿಂದಿನ ಬೀದಿಯಲ್ಲಿ ಗಾಜಿನ ತೊಟ್ಟಿ ಕಟ್ಟುವ ಅಂಗಡಿಗಳು ನಾಲ್ಕಿದ್ದವು. ಬಂದ ಗಿರಾಕಿಯನ್ನು ಹೀಗೆ ಬೈದು ಕಳಿಸುತ್ತಿದ್ದವಳು ಸಹರಿಯಾ ಒಬ್ಬಳೇ. ಆದರೂ ಉಪ್ಪುನೀರಿನ ಮೀನು ಸಾಕಬೇಕೆಂದವರು ಕೊನೆಗೆ ಅವಳಲ್ಲಿಗೇ ಬರುತ್ತಿದ್ದರು. ಅವಳು ಕಟ್ಟಿದ ತೊಟ್ಟಿಯಲ್ಲಿ ಮೀನು ಸಾಯುವುದಿಲ್ಲ ಎಂಬ ಮಾತು ಊರಲ್ಲಿತ್ತು.

ಟೀಚರಮ್ಮ ಹೋದ ಬಾಗಿಲಲ್ಲೇ ಇನ್ನೊಬ್ಬರು ಬಂದರು. ಸಹರಿಯಾ ಅಂಟು ಕೆರೆಯುತ್ತ ತಲೆ ಬಗ್ಗಿಸಿ ಕುಳಿತಿದ್ದಳು. ಮುಖ ನೋಡುವ ಮೊದಲೇ ಆ ಗಂಟಲು ಕೇಳಿಸಿತು. ಮಾತಿಗೆ ಮುನ್ನ ಎರಡು ಸಲ ಕೆಮ್ಮಿ, ಸುತ್ತ ಇದ್ದವರೆಲ್ಲ ಸುಮ್ಮನಾಗಲೆಂದು ಒಂದು ಗಳಿಗೆ ಕಾಯುವ ಗಂಟಲು. ಅವಳ ಕೈಯಲ್ಲಿದ್ದ ಬ್ಲೇಡು ಗಾಜಿನ ಮೇಲೆ ಜಾರಿ ಹೆಬ್ಬೆರಳನ್ನು ಸೀಳಿತು. ಹದಿನಾರು ವರ್ಷವಾಗಿತ್ತು ಆ ಗಂಟಲು ಕೇಳಿ.

“ಏನಮ್ಮಾ, ಈ ಊರಲ್ಲಿ ಒಳ್ಳೆ ತೊಟ್ಟಿ ಅಂದ್ರೆ ನಿನ್ನದೇ ಅಂತಾರಲ್ಲ?”

ದಾಯೆಂಗ್ ಗಸ್ಸಿಂಗ್. ದಾಯೆಂಗ್ ಎಂದರೆ ಆ ಕಡೆ ಧಣಿ ಎಂದಂತೆ. ಲಮುರು ದ್ವೀಪದಲ್ಲಿ ಎಂಟು ದೋಣಿಗಳ ಯಜಮಾನನಾಗಿದ್ದವನು. ಈಗ ಸಮುದ್ರದ ದಂಡೆಯಲ್ಲಿ ದೊಡ್ಡ ಮದುವೆ ಛತ್ರ ಕಟ್ಟಿಸಿದ್ದಾನೆಂದು ಅವಳೂ ಕೇಳಿದ್ದಳು. ಹೊಟ್ಟೆ ಬಂದಿತ್ತು, ಗಡ್ಡ ನೆರೆತಿತ್ತು. ಅವನಿಗೆ ಅವಳ ಗುರುತು ಹತ್ತಲಿಲ್ಲ. ಹತ್ತುವುದಾದರೂ ಹೇಗೆ? ಆ ಕಾಲದಲ್ಲಿ ಅವನು ಅವಳನ್ನು ನೋಡಿದ್ದು ದ್ವೀಪದ ಇತರ ಹೆಂಗಸರೊಂದಿಗೆ, ಬಿಸಿಲಿಗೆ ಅಕ್ಕಿಹಿಟ್ಟು ಮೆತ್ತಿಕೊಂಡ ಮುಖದಲ್ಲಿ. ಅಂಥ ಮುಖಗಳನ್ನು ಯಜಮಾನರು ನೆನಪಿಟ್ಟುಕೊಳ್ಳುವುದಿಲ್ಲ.

“ಕೂತ್ಕೊಳ್ಳಿ ದಾಯೆಂಗ್,” ಎಂದಳು. ಹೆಬ್ಬೆರಳನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡಳು.

ಅವನು ಕೂರಲಿಲ್ಲ. ಕೈ ಎತ್ತಿ ತೋರಿಸಿದ. “ಸಿಂಗಪುರದ ಹೋಟೆಲಿನಲ್ಲಿ ನೋಡಿದೆ. ಕಂಬದ ಹಾಗೆ ನಿಂತಿತ್ತು. ಛತ್ರದ ನಟ್ಟನಡುವೆ ನನಗೂ ಹಾಗೇ ಒಂದು ಬೇಕು. ಒಂದೂವರೆ ಆಳು ಎತ್ತರ. ಅಡ್ಡಕ್ಕೆ ಒಂದು ತೋಳಿನಷ್ಟಿದ್ರೆ ಸಾಕು, ಊಟದ ಮೇಜಿಗೆ ಜಾಗ ಹೋಗಬಾರದು. ಬಾಗಿಲಲ್ಲಿ ನಿಂತವನಿಗೂ ಮೀನು ಕಾಣಬೇಕು. ಬರೋ ತಿಂಗಳು ಮಗಳ ಮದುವೆ. ಬೀಗರು ಬೋನೆ ಅರಮನೆಯ ಕಡೆಯವರು.”

“ಯಾವ ಮೀನು ಬಿಡ್ತೀರಿ?”

“ಎಲ್ಲಾ! ನೀಲಿ ಹಳದಿ ಪಟ್ಟೆಯ ದೊರೆಮೀನು ಎರಡು. ಬಾಲದಲ್ಲಿ ಚೂರಿ ಇರತ್ತಲ್ಲ ನೀಲಿದು, ಅದು ಮೂರು. ಬಾವಲಿಮೀನು ಎರಡು. ಚುಕ್ಕೆಯ ಹಲ್ಲುಮೀನು ಒಂದೆರಡು. ದೊಡ್ಡದೊಡ್ಡದೇ ತರಿಸ್ತೀನಿ.”

ಸಹರಿಯಾಳ ನಾಲಿಗೆ ತುದಿಗೆ ಮಾತು ಬಂತು. ಒಂಬತ್ತು ವರ್ಷ ಪ್ರತಿ ಗಿರಾಕಿಗೂ ಹೇಳುತ್ತಿದ್ದ ಮಾತು. ಮೀನಿಗೆ ಎತ್ತರದಿಂದ ಏನೂ ಆಗಬೇಕಿಲ್ಲ, ಅದು ಓಡಾಡುವುದು ಉದ್ದಕ್ಕೆ. ಚೂರಿಬಾಲದ ಮೀನು ದಿನಕ್ಕೆ ಹರದಾರಿಗಟ್ಟಲೆ ಈಜುವ ಜೀವ, ಒಂದು ತೋಳಿನ ಅಗಲದಲ್ಲಿ ಅದು ಗಾಣದ ಎತ್ತಾಗುತ್ತದೆ. ಹಲ್ಲುಮೀನು ತನ್ನದೆಂದು ಒಂದು ಮೂಲೆ ಹಿಡಿಯುತ್ತದೆ, ಉಳಿದವು ಓಡಿಹೋಗಲು ಇನ್ನೊಂದು ಮೂಲೆ ಇರಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಗಾಳಿ. ಗಾಳಿ ನೀರಿಗೆ ಇಳಿಯುವುದು ಮೇಲ್ಬಾಯಿಂದ. ಬಾಯಿ ಅಗಲವಿದ್ದಷ್ಟು ಉಸಿರು. ಸಾವಿರದ ಮುನ್ನೂರು ಲೀಟರು ನೀರನ್ನು ಮಲಗಿಸಿದರೆ ಅದು ಮನೆ. ಅದೇ ನೀರನ್ನು ನಿಲ್ಲಿಸಿದರೆ ಬಾವಿ.

ಆ ಮಾತನ್ನು ಅವಳು ಉಗುಳಿನೊಂದಿಗೆ ನುಂಗಿದಳು.

“ದುಂಡಗೆ ನನ್ನಿಂದ ಬಗ್ಗಿಸೋಕಾಗಲ್ಲ. ಎಂಟು ಮೂಲೆ ಮಾಡಿ, ಎಂಟು ಗಾಜು ನಿಲ್ಲಿಸ್ತೀನಿ. ನೀವು ಹೇಳಿದ ಅಳತೆಗೇ ಮಾಡಿಕೊಡ್ತೀನಿ ದಾಯೆಂಗ್. ಒಂದು ಬೆರಳೂ ಆಚೀಚೆ ಆಗಲ್ಲ.”

“ಇದಪ್ಪಾ ಮಾತು ಅಂದ್ರೆ! ಆಚೆ ಬೀದಿಯವನು ಅದಾಗಲ್ಲ ಇದಾಗಲ್ಲ ಅಂತ ನನಗೇ ಪಾಠ ಹೇಳೋಕೆ ಬಂದ.”

ಅವನ ಕಾರು ತಿರುವು ದಾಟುವವರೆಗೂ ಅವಳು ನೋಡುತ್ತ ನಿಂತಳು. ಆಮೇಲೆ ಮುಷ್ಟಿ ಬಿಚ್ಚಿದಳು. ಅಂಗೈ ತುಂಬ ರಕ್ತ.

ಅವಳ ಗಂಡ ತಾಯಂಗ್ ಲಮುರುವಿನಲ್ಲಿ ಎಲ್ಲರಿಗಿಂತ ಆಳಕ್ಕೆ ಮುಳುಗುವವನಾಗಿದ್ದ. ಗಸ್ಸಿಂಗ್‌ನ ದೋಣಿಯಲ್ಲಿ ಟೈರಿಗೆ ಗಾಳಿ ತುಂಬುವ ಕಂಪ್ರೆಸರ್ ಇರುತ್ತಿತ್ತು. ಅದರ ಹಳದಿ ಕೊಳವೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ತಾಯಂಗ್ ಹವಳದ ಬಂಡೆಗಳ ಬುಡಕ್ಕೆ ಇಳಿಯುತ್ತಿದ್ದ. ಮೇಲೆ ಎಂಜಿನಿನ ಪಕ್ಕ ಕೂತು ಗಾಳಿ ಕಾಯುವವನು ಸಿಕ್ಕಿ ಎಂಬ ಗೆಳೆಯ. ಇಬ್ಬರೂ ಒಟ್ಟಿಗೆ ಬೆಳೆದವರು. ತಾಯಂಗ್ ಬಲೆಯಲ್ಲೇ ಮೀನು ಹಿಡಿಯುತ್ತಿದ್ದ. ಬೇರೆ ದೋಣಿಗಳವರು ಸೀಸೆಯಲ್ಲಿ ವಿಷ ಕಲಸಿಕೊಂಡು ಹೋಗಿ ಬಂಡೆಯ ಸಂದಿಗೆ ಚಿಮುಕಿಸುವರು. ಅಮಲೇರಿದ ಮೀನು ಕೈಗೆ ಸಿಗುವುದು, ಹವಳ ಸುಣ್ಣದ ಹಾಗೆ ಬೆಳ್ಳಗಾಗುವುದು. ಬಂಡೆ ಸತ್ತರೆ ದ್ವೀಪ ಸತ್ತಂತೆ ಎಂದು ಊರವರು ವಿಷ ಹಾಕುವವನ ಮನೆಯ ನೀರು ಕುಡಿಯುತ್ತಿರಲಿಲ್ಲ.

ಹದಿನಾರು ವರ್ಷದ ಹಿಂದೆ ಒಂದು ದಿನ ಗಸ್ಸಿಂಗ್ ತಾನೇ ದೋಣಿಯಲ್ಲಿದ್ದ. ತಾಯಂಗ್ ಇಪ್ಪತ್ತು ಮಾರು ಕೆಳಗೆ ಮುಕ್ಕಾಲು ಗಂಟೆಯಿಂದ ಒಂದು ದೊರೆಮೀನಿನ ಬೆನ್ನು ಹತ್ತಿದ್ದ. ದೂರದಲ್ಲಿ ಕಾವಲು ಪಡೆಯ ದೋಣಿ ಕಾಣಿಸಿತು. ಗಸ್ಸಿಂಗ್ ಕೂತಿದ್ದ ಹಲಗೆಯಡಿ ಹನ್ನೊಂದು ಸೀಸೆ ವಿಷವಿತ್ತು. ಕೆಳಗಿದ್ದವನಿಗೆ ಅದು ಗೊತ್ತಿರಲಿಲ್ಲ. ಅವನಿಗೆ ಗೊತ್ತಾದದ್ದು ಒಂದೇ: ಹಲ್ಲಿನ ನಡುವೆ ಗಾಳಿ ನಿಂತುಹೋಯಿತು. ಹೀರಿದ, ಬರಲಿಲ್ಲ. ಮತ್ತೆ ಹೀರಿದ. ನಿಂತುನಿಂತು ಏರಬೇಕಾದ ಇಪ್ಪತ್ತು ಮಾರನ್ನು ಒಂದೇ ಉಸಿರಿಲ್ಲದ ಉಸಿರಿನಲ್ಲಿ ಏರಿ ಬಂದ. ಒಂದು ಗಂಟೆಯೊಳಗೆ ಸೊಂಟದ ಕೆಳಗೆ ಜೀವವಿರಲಿಲ್ಲ.

ಕಾವಲಿನವರು ಸೀಸೆ ಹಿಡಿದರು. ಗಸ್ಸಿಂಗ್ ಆ ಗೂಬೆಯನ್ನು ನೇರ ತಾಯಂಗ್‌ನ ಮೇಲೆ ಕೂರಿಸಿದ. ಸೀಸೆ ಅವನವು, ನನಗೆ ಹೇಳದೆ ತಂದಿದ್ದ, ಕಳ್ಳ ಮೀನಿಗಾಗಿ ತಾನೇ ಆಳಕ್ಕಿಳಿದ, ತಾನೇ ಗಾಬರಿಯಾಗಿ ಎದ್ದ ಎಂದ. ಶುಕ್ರವಾರ ಮಸೀದಿಯ ಅಂಗಳದಲ್ಲಿ, ಇಡೀ ಊರಿನೆದುರು, ಎಂಜಿನ್ ಒಂದು ಕ್ಷಣವೂ ನಿಂತಿರಲಿಲ್ಲ ಎಂದು ಆಣೆ ಮಾಡಿದ. ಅವನ ಬೆನ್ನ ಹಿಂದೆ ಸಿಕ್ಕಿಯೂ ತಲೆ ತಗ್ಗಿಸಿಕೊಂಡು ಅದೇ ಆಣೆ ಮಾಡಿದ.

ಆ ಸೀಮೆಯವರು ಮಾನಕ್ಕೆ ಸಿರಿ ಎನ್ನುತ್ತಾರೆ. ನಮ್ಮ ಕಡೆ ಸಿರಿ ಹೋದವನು ಬಡವನಾಗುತ್ತಾನೆ, ಅಷ್ಟೆ. ಅಲ್ಲಿ ಸಿರಿ ಹೋದವನನ್ನು ಮನುಷ್ಯರ ಲೆಕ್ಕಕ್ಕೆ ಹಿಡಿಯುವುದಿಲ್ಲ. ತಾಯಂಗ್ ಮೂರು ವರ್ಷ ಚಾಪೆಯ ಮೇಲೆ ಮಲಗಿದ್ದ. ಬೆನ್ನು ಕೊಳೆಯಿತು. ಒಬ್ಬರೂ ಬಾಗಿಲಿಗೆ ಬರಲಿಲ್ಲ. “ಗಾಳಿ ನಿಂತಿತು ಕಣೇ, ನಿಂತಿತು,” ಎಂದು ರಾತ್ರಿ ಹಗಲು ಅದೊಂದೇ ಮಾತು. ಸತ್ತಾಗ ಹೊರಲು ನಾಲ್ಕು ಜನ ಸಿಗದೆ, ಅವಳ ತಮ್ಮಂದಿರು ಪಕ್ಕದ ದ್ವೀಪದಿಂದ ದೋಣಿಯಲ್ಲಿ ಬರಬೇಕಾಯಿತು. ಹಾವಿನ ದ್ವೇಷ ಹನ್ನೆರಡು ವರ್ಷ ಎನ್ನುತ್ತಾರೆ. ಸಹರಿಯಾಳದು ಹನ್ನೆರಡಕ್ಕೆ ಮುಗಿಯಲಿಲ್ಲ. ನಗರಕ್ಕೆ ಬಂದು ಲಿಯಾಂಗ್ ಎಂಬ ಚೀನೀ ಗಾಜಿನ ವ್ಯಾಪಾರಿಯ ಬಳಿ ಕೆಲಸ ಕಲಿಯುವಾಗಲೂ, ಸ್ವಂತ ಅಂಗಡಿ ಇಟ್ಟಾಗಲೂ, ಅದು ಬೂದಿಯೊಳಗಿನ ಕೆಂಡದಂತೆ ಉಳಿದುಕೊಂಡೇ ಇತ್ತು.

ಆ ಗಾಜಿನ ಗೋಪುರವನ್ನು ಅವಳು ಛತ್ರದಲ್ಲೇ ನಿಂತು ಕಟ್ಟಿದಳು. ಹನ್ನೆರಡು ದಿನ ಹಿಡಿಯಿತು. ಅಷ್ಟು ಅಚ್ಚುಕಟ್ಟಾದ ಕೆಲಸವನ್ನು ಅವಳು ಮುಂಚೆ ಮಾಡಿರಲಿಲ್ಲ. ಎಂಟು ದಪ್ಪ ಗಾಜುಗಳನ್ನು ಕೂದಲೆಳೆಯ ಸಂದಿಲ್ಲದೆ ಜೋಡಿಸಿದಳು, ಅಂಟಿನ ಗೆರೆಯನ್ನು ಬೆರಳಿನಲ್ಲಿ ಎಳೆದು ಕನ್ನಡಿಯಂತೆ ನಯಮಾಡಿದಳು. ಗಾಜು ಒಡೆದರೆ, ನೀರು ಸೋರಿದರೆ ತಪ್ಪು ಅವಳದಾಗುತ್ತದೆ. ಅವಳ ಕಡೆಯಿಂದ ತಪ್ಪಿರಕೂಡದು. ತಪ್ಪೆಲ್ಲ ಅವನು ಕೈಯೆತ್ತಿ ತೋರಿಸಿದ ಆ ಎತ್ತರದಲ್ಲೇ ಇತ್ತು.

ನೀರು ತುಂಬುವ ದಿನ ಛತ್ರದ ವಿದ್ಯುತ್ ಕೆಲಸದವನು ಬಂದು ಕೇಳಿದ: “ಅಕ್ಕಾ, ಕರೆಂಟು ಹೋದ್ರೆ ದೀಪಕ್ಕೆ, ಹಾಡಿನ ಪೆಟ್ಟಿಗೆಗೆ ಜನರೇಟರ್ ಕೊಟ್ಟಿದೀನಿ. ಗಾಳಿ ಊದೋ ಈ ಪಂಪಿಗೂ ಒಂದು ಎಳೆ ಎಳೀಲಾ?”

ಸಹರಿಯಾ ಗಾಜು ಒರೆಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

“ಬೇಡ,” ಎಂದಳು.

ಒಂದೇ ಮಾತು. ಅದನ್ನಾಡಿದ ಮೇಲೆ ನಾಲಿಗೆ ಸಿಹಿಯಾದಂತಾಯಿತು.

ಮೀನು ಬಿಟ್ಟ ಹತ್ತನೆಯ ದಿನ ಸಿಕ್ಕಿ ಅವಳ ಅಂಗಡಿಗೆ ಬಂದ. ಅವನೀಗ ಗಸ್ಸಿಂಗ್‌ನ ಛತ್ರದಲ್ಲಿ ಮೀನು ನೋಡಿಕೊಳ್ಳುವ ಆಳು. ಬೆನ್ನು ಬಾಗಿತ್ತು, ಮುಂದಿನ ಹಲ್ಲೆರಡು ಬಿದ್ದಿದ್ದವು. ಗೋಪುರ ಕಟ್ಟುವಾಗ ಅವಳು ಮೂಗಿನವರೆಗೆ ಬಟ್ಟೆ ಸುತ್ತಿಕೊಂಡು, ಅವನಿಗೆ ಬೆನ್ನು ಹಾಕಿಯೇ ಕೆಲಸ ಮಾಡಿದ್ದಳು.

“ಬೆಳಗಾದ್ರೆ ಎಲ್ಲಾ ಮೇಲೆ ಬಂದು ಬಾಯಿ ಬಾಯಿ ಬಿಡ್ತವೆ,” ಎಂದ, ನೆಲ ನೋಡುತ್ತ. “ನೀಲಿ ಮೀನು ಸುತ್ತೀ ಸುತ್ತೀ ಮೂತಿ ಎಲ್ಲಾ ತರಚಿಹೋಗಿದೆ. ಹಲ್ಲುಮೀನು ಒಂದು ಬಾವಲಿಮೀನಿನ ರೆಕ್ಕೆ ಹರಿದುಹಾಕ್ತು. ಏನು ಮಾಡಬೇಕು?”

“ಅರ್ಧ ಮೀನು ತೆಗೀಬೇಕು.”

“ಯಜಮಾನ್ರು ಒಪ್ಪಲ್ಲ. ಬೀಗರು ನೋಡ್ಬೇಕಂತೆ.”

“ಹಾಗಾದ್ರೆ ನನ್ನನ್ನೇನು ಕೇಳ್ತೀಯಾ?”

ಅವನು ತಲೆಯೆತ್ತಿದ. ಅವಳ ಮುಖವನ್ನು ಬಹಳ ಹೊತ್ತು ನೋಡಿದ. “ನೀನು... ತಾಯಂಗ್‌ನ ಹೆಂಡತಿ.”

“ವಿಧವೆ,” ಎಂದಳು ಸಹರಿಯಾ. “ಹೋಗಿ ನಿನ್ನ ಯಜಮಾನನಿಗೆ ಹೇಳು. ಹೇಳೋದು ನಿನಗೆ ಚೆನ್ನಾಗಿ ಬರತ್ತಲ್ಲ, ಅವನು ಹೇಳಿಕೊಟ್ಟಿದ್ದನ್ನ.”

ಸಿಕ್ಕಿ ಹೋಗಲಿಲ್ಲ. “ಈ ತೊಟ್ಟಿ ಹೀಗಾಗತ್ತೆ ಅಂತ ನಿನಗೆ ಮೊದಲೇ ಗೊತ್ತಿತ್ತು.”

“ಅವನು ಕೇಳಲಿಲ್ಲ, ನಾನು ಹೇಳಲಿಲ್ಲ.”

“ಮೀನೇನು ಮಾಡಿದ್ವು ಸಹರಿಯಾ?”

“ತಾಯಂಗ್ ಏನು ಮಾಡಿದ್ದ?”

ಅವಳ ಬೆನ್ನ ಹಿಂದಿನ ಕಪಾಟಿನಲ್ಲಿ ಬ್ಯಾಟರಿಯಿಂದ ಗಾಳಿ ಊದುವ ಪಂಪು ಸಾಲಾಗಿ ಮೂರಿದ್ದವು, ಮೀನು ಸಾಗಿಸುವವರು ಕೊಳ್ಳುವಂಥವು. ಸಿಕ್ಕಿ ಬೆರಳು ತೋರಿಸಿದ. “ಅದರಲ್ಲೊಂದು ಕೊಡು. ಕರೆಂಟು ಹೋದ್ರೆ ಆಗತ್ತೆ.”

“ಅಂಗಡೀಲಿ ಇಲ್ಲ.”

ಅವನ ಕಣ್ಣು ಕಪಾಟಿನ ಮೇಲೂ ಅವಳ ಮೇಲೂ ಓಡಾಡಿತು. “ಆಯ್ತು,” ಎಂದ. “ಇಲ್ಲ ಅಂದ್ರೆ ಇಲ್ಲ.” ಮೆಟ್ಟಿಲಿಳಿಯುವಾಗ ಕಂಬ ಹಿಡಿದುಕೊಂಡು ಒಂದು ಕ್ಷಣ ನಿಂತಿದ್ದು ಅವಳಿಗೆ ಕಂಡಿತು. ಕರುಣೆ ಬರಲಿಲ್ಲ. ಅವನು ಯಜಮಾನನಿಗೆ ಹೇಳಿಬಿಟ್ಟಾನು ಎಂದು ಎರಡು ದಿನ ಕಾದಳು. ಯಾರೂ ಬರಲಿಲ್ಲ.

ಮದುವೆಯ ಮುನ್ನಾದಿನ ಗಸ್ಸಿಂಗ್‌ನಿಂದ ಫೋನು ಬಂತು. “ನಾಳೆ ಬಂದು ತೊಟ್ಟಿ ಪಕ್ಕ ನಿಂತಿರಮ್ಮ. ಮೀನು ಯಾಕೋ ಸಪ್ಪಗಿವೆ. ಏನಾದ್ರೂ ಆದ್ರೆ ನೋಡ್ಕೋ. ಊಟ ಮಾಡ್ಕೊಂಡು ಹೋಗು.” ಹೊರಡುವಾಗ ಅವಳ ಕೈ ತಾನಾಗಿ ಕಪಾಟಿನಿಂದ ಒಂದು ಪಂಪನ್ನು ತೆಗೆದು ಚೀಲಕ್ಕೆ ಹಾಕಿಕೊಂಡಿತು. ಯಾಕೆಂದು ತನ್ನನ್ನು ತಾನು ಕೇಳಿಕೊಳ್ಳಲಿಲ್ಲ.

ನಡುಮಧ್ಯಾಹ್ನ. ಆರುನೂರು ಜನ. ಹಸಿರು, ಗುಲಾಬಿ, ನೇರಳೆ ಬಣ್ಣದ ತೆಳುವಾದ ರವಿಕೆಗಳಲ್ಲಿ ಹೆಂಗಸರು, ಸೊಂಟಕ್ಕೆ ರೇಷ್ಮೆ ಲುಂಗಿ ಬಿಗಿದ ಗಂಡಸರು. ಹುರಿದ ಮೀನು, ಎಲುಬಿನ ಸಾರಿನ ವಾಸನೆ. ಗೋಪುರಕ್ಕೆ ಬುಡದಿಂದ ತಲೆಯವರೆಗೆ ಬಿಸಿ ದೀಪಗಳನ್ನು ಸುತ್ತಿದ್ದರು. ಮೀನುಗಳು ಬೆಳಕಿನಲ್ಲಿ ರತ್ನದಂತೆ ಹೊಳೆಯುತ್ತಿದ್ದವು. ಹತ್ತಿರ ಹೋಗಿ ನೋಡಿದವರಿಗೆ ಮಾತ್ರ ಅವುಗಳ ಕಿವಿರು ಎಷ್ಟು ಬೇಗಬೇಗ ಬಡಿಯುತ್ತಿದೆ ಎಂದು ತಿಳಿಯುತ್ತಿತ್ತು. ಹತ್ತಿರ ಹೋದವಳು ಸಹರಿಯಾ ಒಬ್ಬಳೇ. ಚೂರಿಬಾಲದ ಮೂರೂ ಸುತ್ತುತ್ತಿದ್ದವು, ಒಂದೇ ದಿಕ್ಕಿಗೆ, ನಿಲ್ಲದೆ.

ಗಸ್ಸಿಂಗ್ ಬೀಗರ ಹಿರಿಯನನ್ನು ಕೈಹಿಡಿದು ಕರೆತಂದ. ಪುವಾಂಗ್ ಎಂದು ದೊರೆಮನೆತನದವರನ್ನು ಕರೆಯುವುದು; ಈ ಪುವಾಂಗ್ ಮಕ್ಕುಲಾವ್ ಸಣಕಲು ಮುದುಕ, ಕೈಯಲ್ಲಿ ಊಟದ ತಟ್ಟೆ. “ನೋಡಿ ಪುವಾಂಗ್, ಇಡೀ ಸುಲಾವೆಸಿಯಲ್ಲಿ ಇಂಥದ್ದು ಇನ್ನೊಂದಿಲ್ಲ. ನಮ್ಮ ದ್ವೀಪದ ಮೀನು. ವಿಷ ಗಿಷ ಇಲ್ಲ, ಬಲೆಯಲ್ಲಿ ಹಿಡಿದಿದ್ದು. ವಿಷ ಹಾಕೋರನ್ನ ನಾನು ಊರಿಂದಲೇ ಓಡಿಸಿದವನು.”

ಸಹರಿಯಾ ಎರಡು ಮಾರು ದೂರದಲ್ಲಿದ್ದಳು. ಕಿವಿಗೆ ಕಾದ ಸೀಸ ಹೊಯ್ದಂತಾಯಿತು.

ಆ ಗಳಿಗೆಯಲ್ಲೇ ಕರೆಂಟು ಹೋಯಿತು. ಅಷ್ಟು ದೀಪ, ಅಷ್ಟು ಫ್ಯಾನು, ಅಷ್ಟು ಸಂಗೀತಕ್ಕೆ ತಂತಿ ತಡೆಯಲಿಲ್ಲವೋ ಏನೋ. ಹಿತ್ತಲಲ್ಲಿ ಜನರೇಟರ್ ಗುರುಗುಟ್ಟಿತು, ದೀಪ ಹತ್ತಿತು, ಹಾಡುಗಾರ್ತಿ ಬಿಟ್ಟಲ್ಲಿಂದ ಹಾಡಿದಳು. ಜನ ಚಪ್ಪಾಳೆ ತಟ್ಟಿದರು. ಗೋಪುರದೊಳಗೆ ಬುಡದಿಂದ ಏಳುತ್ತಿದ್ದ ಗುಳ್ಳೆಗಳ ಸಾಲು ಮಾತ್ರ ನಿಂತುಹೋಗಿತ್ತು.

ಐದು ನಿಮಿಷ ಯಾರೂ ಗಮನಿಸಲಿಲ್ಲ. ಆಮೇಲೆ ಬಾವಲಿಮೀನುಗಳು ಮೇಲೇರಿದವು. ಅವುಗಳ ಹಿಂದೆ ದೊರೆಮೀನು, ಹಿಂದೆ ಉಳಿದವು. ಆ ಇಕ್ಕಟ್ಟಾದ ಬಾಯಿಯಲ್ಲಿ ಒಂಬತ್ತು ಮೀನು ಒಂದನ್ನೊಂದು ತಳ್ಳುತ್ತ ತುಟಿಗಳನ್ನು ನೀರಿನಿಂದ ಹೊರಗೆ ಚಾಚಿದವು. ಒಂದು ಮಗು ಚೀರಿತು: “ಅಮ್ಮಾ, ಮೀನಿಗೆ ಏನಾಯ್ತು?” ಜನ ತಟ್ಟೆ ಹಿಡಿದೇ ಸುತ್ತ ನೆರೆದರು. ಫೋನುಗಳು ಮೇಲೆದ್ದವು.

ಸಹರಿಯಾ ಚೀಲದೊಳಗೆ ಕೈಬಿಟ್ಟು ಪಂಪನ್ನು ಹಿಡಿದುಕೊಂಡಿದ್ದಳು. ಹಿಡಿದುಕೊಂಡೇ ಇದ್ದಳು. ಮೇಲೆ ಬಾಯಿ ಬಿಡುತ್ತಿದ್ದ ದೊರೆಮೀನನ್ನು ನೋಡುವಾಗ ಚಾಪೆಯ ಮೇಲೆ ಮಲಗಿದ್ದವನ ಬಾಯಿ ಕಂಡಿತು. ನೋಡಲಿ, ಎಂದುಕೊಂಡಳು. ಆರುನೂರು ಜನ ನೋಡಲಿ, ಗಾಳಿ ನಿಂತರೆ ಹೇಗಿರುತ್ತದೆ ಅಂತ.

ಗಸ್ಸಿಂಗ್ ಹಾಡುಗಾರ್ತಿಯ ಕೈಯಿಂದ ಮೈಕು ಕಿತ್ತುಕೊಂಡ. “ಏನಿಲ್ಲ, ಏನಿಲ್ಲ, ಎಲ್ಲರೂ ಊಟ ಮಾಡಿ!” ಎಂದ. ಜನ ಕದಲಲಿಲ್ಲ. ಬೀಗರ ಕಡೆಯ ಹೆಂಗಸೊಬ್ಬಳು, ಮದುವೆಯ ದಿನ ಅಪಶಕುನ ಎಂದಳು, ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ. ಅವನ ಮುಖ ಕಪ್ಪಿಟ್ಟಿತು. ಪಂಪಿನ ಗೂಡಿನ ಹತ್ತಿರ ನಿಂತಿದ್ದ ಸಿಕ್ಕಿಯ ಕುತ್ತಿಗೆಪಟ್ಟಿಗೆ ಕೈಹಾಕಿ ದರದರ ಎಳೆದುಕೊಂಡು ಬಂದ.

“ಇವನೇ ಆರಿಸಿದ್ದು!” ಮೈಕು ಕೈಯಲ್ಲೇ ಇತ್ತು, ಛತ್ರವೆಲ್ಲ ಗುಡುಗಿತು. “ನನ್ನ ಅನ್ನ ತಿಂದು ನನಗೇ ಬಗೀತಾನೆ, ಕಳ್ಳ ನನ್ನ ಮಗ! ಪುವಾಂಗ್, ಇದರಲ್ಲಿ ನನ್ನ ತಪ್ಪೇನೂ ಇಲ್ಲ. ಎಲ್ಲಾ ಇವನದೇ.”

ಸಿಕ್ಕಿ ಅವನ ಮುಖವನ್ನು ನೋಡಿದ. ಹದಿನಾರು ವರ್ಷದಲ್ಲಿ ಅವನು ಆ ಮುಖವನ್ನು ನೇರ ನೋಡಿದ್ದು ಅದೇ ಮೊದಲಿರಬೇಕು.

“ಇವತ್ತು ನಾನು ಆರಿಸಿಲ್ಲ ದಾಯೆಂಗ್.”

“ಬಾಯ್ ಮುಚ್ಚೋ!”

“ಆವತ್ತು ಆರಿಸಿದ್ದೆ.” ಮೈಕು ಅವರಿಬ್ಬರ ನಡುವೆ ಇತ್ತು, ಅವನ ಬೊಚ್ಚು ಬಾಯಿಯ ಮಾತು ಮೂಲೆಮೂಲೆಗೆ ಕೇಳಿಸಿತು. “ನೀವು ಆರಿಸು ಅಂದ್ರಿ, ಆರಿಸಿದೆ. ಕಾವಲು ದೋಣಿ ಬರ್ತಿದೆ, ಎಂಜಿನ್ ನಿಲ್ಲಿಸು, ತಾನೇ ಎದ್ದು ಬರ್ತಾನೆ ಅಂದ್ರಿ. ತಾಯಂಗ್ ಇಪ್ಪತ್ತು ಮಾರು ಕೆಳಗಿದ್ದ. ನಾನು ಈ ಕೈಯಲ್ಲಿ ಆರಿಸಿದೆ. ಸೀಸೆ ಅವನವಲ್ಲ, ನಿಮ್ಮವು. ಮಸೀದಿ ಅಂಗಳದಲ್ಲಿ ನೀವು ಆಣೆ ಮಾಡಿದ್ದು ಸುಳ್ಳು. ನಾನು ಮಾಡಿದ್ದೂ ಸುಳ್ಳು.”

ಗಸ್ಸಿಂಗ್ ಮೈಕನ್ನು ನೆಲಕ್ಕೆ ಬಿಸಾಡಿದ. ಅದು ಕೀರಲಿಟ್ಟು ಸುಮ್ಮನಾಯಿತು. “ಕುಡಿದಿದಾನೆ! ಯಾವ ತಾಯಂಗ್? ಯಾರಿಗೆ ಗೊತ್ತು ಆ ಹೆಸರು?”

“ನನಗೆ ಗೊತ್ತು,” ಎಂದಳು ಸಹರಿಯಾ.

ಜನ ದಾರಿ ಬಿಟ್ಟರು. ಅವಳು ಗಸ್ಸಿಂಗ್‌ನ ಎದುರಿಗೆ ಒಂದು ತೋಳಿನಷ್ಟು ದೂರದಲ್ಲಿ ಬಂದು ನಿಂತಳು. “ಮೂರು ವರ್ಷ ಅವನ ಬೆನ್ನು ತೊಳೆದವಳು ನಾನು. ಮುಖ ಸರಿಯಾಗಿ ನೋಡಿ ದಾಯೆಂಗ್. ಈ ತೊಟ್ಟಿ ಕಟ್ಟಿದವಳೂ ನಾನೇ. ನೀವು ಕೇಳಿದ ಅಳತೆಗೇ ಕಟ್ಟಿದೀನಿ.” ಚೀಲದಿಂದ ಪಂಪನ್ನು ತೆಗೆದು ಎಲ್ಲರಿಗೂ ಕಾಣುವಂತೆ ಹಿಡಿದಳು. “ಇದನ್ನ ಹಾಕಿದ್ರೆ ನೀರಿಗೆ ಗಾಳಿ ಬರತ್ತೆ. ಹಾಕ್ತೀನಿ. ಅದಕ್ಕೆ ಮುಂಚೆ ತಾಯಂಗ್ ಕಳ್ಳ ಅಲ್ಲ ಅಂತ ಹೇಳಿ. ಇಲ್ಲಿ. ಇವರೆಲ್ಲರ ಮುಂದೆ.”

ಗಸ್ಸಿಂಗ್‌ನ ಗಂಟಲು ಎರಡು ಸಲ ಕೆಮ್ಮಿತು. ಎಲ್ಲರೂ ಸುಮ್ಮನಾದರು. ಮಾತು ಬರಲಿಲ್ಲ.

ಪುವಾಂಗ್ ಮಕ್ಕುಲಾವ್ ಮೆಲ್ಲಗೆ ಕೇಳಿದ: “ಬೀಗರೇ, ಈ ಹೆಣ್ಣುಮಗಳು ಹೇಳ್ತಿರೋದು ಹೌದಾ?”

ಗಸ್ಸಿಂಗ್ ಗೋಪುರವನ್ನು ನೋಡಿದ, ಸಿಕ್ಕಿಯನ್ನು ನೋಡಿದ, ತನ್ನ ಬೂಟನ್ನು ನೋಡಿದ. ಮುದುಕ ಕಾದ. ಮೇಲೆ ಒಂದು ದೊರೆಮೀನು ಓರೆಯಾಗಿ ಹೊಟ್ಟೆ ತೋರಿಸಿತು. ಸಹರಿಯಾ ಅದನ್ನು ಕಂಡಳು. ಕಂಡೂ ಕೈ ಆಡಿಸಲಿಲ್ಲ. ಇನ್ನೊಂದು ಗಳಿಗೆ. ಇನ್ನೂ ಒಂದು. ಬಾವಲಿಮೀನು ಎಲೆಯ ಹಾಗೆ ತೇಲುತ್ತ ಕೆಳಕ್ಕಿಳಿಯಿತು.

ಪುವಾಂಗ್ ಮಕ್ಕುಲಾವ್ ತನ್ನ ತಟ್ಟೆಯನ್ನು ಹತ್ತಿರದ ಮೇಜಿನ ಮೇಲಿಟ್ಟ. ಅದರಲ್ಲಿ ಅನ್ನ ಹಾಗೇ ಇತ್ತು. ಬೆರಳು ತೊಳೆಯುವ ಬಟ್ಟಲಿಗೆ ಕೈ ಅದ್ದಿ, ಒರೆಸಿಕೊಂಡು ಬಾಗಿಲ ಕಡೆ ನಡೆದ. ಅವನ ಹಿಂದೆ ಅವನ ತಮ್ಮಂದಿರು ತಟ್ಟೆಯಿಟ್ಟರು. ಆಮೇಲೆ ಆ ಸಾಲು, ಆಮೇಲೆ ಈ ಸಾಲು. ತಟ್ಟೆ ಇಡುವ ಸದ್ದು ಛತ್ರದ ತುಂಬ ಆಲಿಕಲ್ಲು ಬಿದ್ದಂತೆ ಕೇಳಿಸಿತು.

ಆಗ ಸಹರಿಯಾ ಏಣಿ ಹತ್ತಿದಳು. ಪಂಪಿನ ಕೊಳವೆಯನ್ನು ನೀರಿಗಿಳಿಸಿ ಗುಂಡಿ ಒತ್ತಿದಳು. ಸಿಕ್ಕಿ ಕೆಳಗಿನಿಂದ ಮಂಜುಗಡ್ಡೆಯ ಪೆಟ್ಟಿಗೆಗಳಲ್ಲಿ ಗೋಪುರದ ನೀರನ್ನೇ ತುಂಬಿ ಎತ್ತಿಕೊಟ್ಟ, ಅವಳು ಮೀನುಗಳನ್ನು ಹಿಡಿದು ಅದಕ್ಕೆ ಬಿಟ್ಟಳು. ಏಳು ಮೀನು ಉಳಿದವು. ಎರಡು ಸತ್ತಿದ್ದವು.

ಏಳನ್ನೂ ತನ್ನ ಅಂಗಡಿಗೆ ತಂದು, ಗೋಡೆಯುದ್ದಕ್ಕೂ ಮಲಗಿದ್ದ ಅಗಲಬಾಯಿಯ ತೊಟ್ಟಿಗೆ ಬಿಟ್ಟಳು. ಹಲ್ಲುಮೀನುಗಳಿಗೆ ನಡುವೆ ಗಾಜು ಅಡ್ಡ ಹಾಕಿದಳು. ಚೂರಿಬಾಲದವು ಮೊದಮೊದಲು ಅಲ್ಲೂ ಸುತ್ತಿದವು. ಸಂಜೆಯ ಹೊತ್ತಿಗೆ ಒಂದು, ಈ ತುದಿಯಿಂದ ಆ ತುದಿಗೆ ನೇರ ಓಡಿತು. ಸತ್ತ ಎರಡನ್ನು ಅವಳು ಬಾಳೆಲೆಯಲ್ಲಿ ಸುತ್ತಿ ಕಡಲಿಗೆ ಬಿಟ್ಟು ಬಂದಳು. ಆ ಎರಡು ತನ್ನ ಕೈಯವು ಎಂದು ಅವಳಿಗೆ ಗೊತ್ತಿತ್ತು. ಕರೆಂಟಿನ ತಲೆಗೆ ಕಟ್ಟಲಿಲ್ಲ, ಗಸ್ಸಿಂಗ್‌ನ ತಲೆಗೂ ಕಟ್ಟಲಿಲ್ಲ.

ಮದುವೆಯೇನೋ ಮುರಿಯಲಿಲ್ಲ. ಹುಡುಗ ಹುಡುಗಿಯದು ಏನು ತಪ್ಪು ಎಂದು ಪುವಾಂಗ್ ಮಕ್ಕುಲಾವ್ ಸೊಸೆಯನ್ನು ಕರೆದುಕೊಂಡು ಹೋದ. ಆದರೆ ಬೀಗರ ಮನೆಯಲ್ಲಿ ಮತ್ತೆ ಕಾಲಿಡಲಿಲ್ಲ. ಸುದ್ದಿ ಸಂಜೆಯ ದೋಣಿಗಿಂತ ಮುಂಚೆ ದ್ವೀಪ ಮುಟ್ಟಿತು. ಗಸ್ಸಿಂಗ್ ಕಂಡಕಂಡವರಿಗೆ ಸಿಕ್ಕಿ ಹುಚ್ಚನೆಂದು ಹೇಳಿ ನೋಡಿದ. ಕೇಳಿದವರು ಹೂಂ ಎಂದು ಬೇರೆ ಕಡೆ ತಿರುಗಿದರು. ವಾರದ ಮೇಲೆ ಅವನ ಆಳೊಬ್ಬ ಬಂದು ಗೋಪುರವನ್ನು ಬಿಚ್ಚಿಕೊಂಡು ಹೋಗು ಎಂದ. “ಗಾಜು ಗಟ್ಟಿಯಾಗಿದೆ. ಇಪ್ಪತ್ತು ವರ್ಷ ನಿಲ್ಲತ್ತೆ ಅಂತ ಹೇಳು,” ಎಂದು ಸಹರಿಯಾ ಬಾಗಿಲು ಹಾಕಿಕೊಂಡಳು.

ಶುಕ್ರವಾರ ಅವಳೂ ಸಿಕ್ಕಿಯೂ ಲಮುರುವಿಗೆ ಹೋದರು. ಒಂದೇ ದೋಣಿ, ಒಬ್ಬರು ಈ ತುದಿ, ಒಬ್ಬರು ಆ ತುದಿ. ಮಸೀದಿಯ ಅಂಗಳದಲ್ಲಿ ಸಿಕ್ಕಿ, ಹಿಂದೆ ಆಣೆ ಮಾಡಿದ್ದ ಜಾಗದಲ್ಲೇ ನಿಂತು ನಡೆದದ್ದನ್ನು ನಡೆದ ಹಾಗೆ ಹೇಳಿದ. ಯಾರೂ ಅವನನ್ನು ಹೊಡೆಯಲಿಲ್ಲ. ಯಾರೂ ಅವನ ಹತ್ತಿರ ಬರಲೂ ಇಲ್ಲ. ಆಮೇಲೆ ಊರಿನ ಹಿರಿಯರು ಒಬ್ಬೊಬ್ಬರಾಗಿ ಸಹರಿಯಾಳ ಮುಂದೆ ಬಂದು ನಿಂತರು. ತಾಯಂಗ್‌ನ ಗೋರಿಗೆ ಹೊಸ ಕಲ್ಲು ಹಾಕಿಸುತ್ತೇವೆ ಎಂದರು. ನಮ್ಮ ಮನೆಗೆ ಬಾ, ಊಟ ಮಾಡು ಮಗಳೇ ಎಂದರು.

“ಕಲ್ಲು ಹಾಕಿ,” ಎಂದಳು. “ಊಟ ಬೇಡ. ನಿಮ್ಮ ಊಟ ಅವನು ಬದುಕಿದ್ದಾಗ ಬೇಕಿತ್ತು.”

ಗೋರಿಯ ಹತ್ತಿರ ಒಬ್ಬಳೇ ಹೋಗಿ ಬಂದಳು. ಅಲ್ಲಿ ಏನು ಹೇಳಿದಳೋ ಯಾರಿಗೂ ಗೊತ್ತಿಲ್ಲ.

ವಾಪಸು ಬರುವಾಗ ಕಡಲು ಶಾಂತವಾಗಿತ್ತು. ಅರ್ಧ ದಾರಿಯಲ್ಲಿ ಸಿಕ್ಕಿ ತನ್ನ ಬುತ್ತಿ ಬಿಚ್ಚಿದ. ತೆಂಗಿನಹಾಲಿನಲ್ಲಿ ಬೇಯಿಸಿ ಬಾಳೆಲೆಯಲ್ಲಿ ಕಟ್ಟಿದ ಅನ್ನದ ಪೊಟ್ಟಣ ಎರಡು, ಒಣಮೀನು. ಒಂದು ಪೊಟ್ಟಣವನ್ನು ದೋಣಿಯ ಹಲಗೆಯ ಮೇಲೆ ಅವಳ ಕಡೆಗೆ ಸರಿಸಿದ. ಸಹರಿಯಾ ಬಹಳ ಹೊತ್ತು ಅದನ್ನು ನೋಡಿದಳು. ಬೆಳಗಿನಿಂದ ಹನಿ ನೀರೂ ಕುಡಿದಿರಲಿಲ್ಲ.

ಎಲೆ ಬಿಡಿಸಿ ಒಂದು ತುತ್ತು ಬಾಯಿಗಿಟ್ಟಳು.

“ಕ್ಷಮಿಸಿದೆ ಅಂದ್ಕೋಬೇಡ,” ಎಂದಳು ಅಗಿಯುತ್ತ. “ಹಸಿವಾಗಿದೆ, ಅಷ್ಟೆ.”

“ಗೊತ್ತು,” ಎಂದ ಸಿಕ್ಕಿ, ಎಂಜಿನಿನ ಮೇಲಿನ ಕಣ್ಣು ತೆಗೆಯದೆ.